ಒಂಟಿ ಓಗರ್ ಸೋತಲ್ಲಿ ಎಂಟು ಗಾಬ್ಲಿನ್‌ಗಳು ತಂಡವನ್ನು ಕಾಡಿದ್ದು ಏಕೆ?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ದಾಳ ಉರುಳಿಸುತ್ತ ಪಾತ್ರಗಳಾಗಿ ಕಥೆ ಕಟ್ಟುವ ಆಟದ ಐದನೇ ಆವೃತ್ತಿಯನ್ನು 2014ರ ನಿಯಮಗಳಂತೆ, ಮೂರನೇ ಲೆವೆಲ್ಲಿನ ನಾಲ್ಕು ಪಾತ್ರಗಳ ತಂಡಕ್ಕೆ ನೀವು ನಡೆಸುತ್ತಿದ್ದೀರಿ. ಗುಹೆಯ ಒಡೆಯನೆಂದು ತಂದು ನಿಲ್ಲಿಸಿದ ಓಗರ್ ಎಂಬ ದೈತ್ಯ ಎರಡೇ ಸುತ್ತಿನಲ್ಲಿ ನೆಲಕ್ಕುರುಳಿತು. ಮುಂದಿನ ವಾರ ದಾರಿಯಲ್ಲಿ ಸುಮ್ಮನೆ ಎದುರಾಗಲೆಂದು ಇಟ್ಟ, ಗಿಡ್ಡ ಜೀವಿಗಳಾದ ಎಂಟು ಗಾಬ್ಲಿನ್‌ಗಳು ತಂಡವನ್ನೇ ಮುಗಿಸುವ ಹಂತಕ್ಕೆ ಹೋದವು. ಓಗರ್‌ನ ಚಾಲೆಂಜ್ ರೇಟಿಂಗ್ (ಎದುರಾಳಿಯ ಕಷ್ಟದ ಅಂಕ) 2, ಗಾಬ್ಲಿನ್‌ನದು ಬರೀ ಕಾಲು (1/4). ಹಾಗಿದ್ದೂ ಹೀಗೇಕಾಯಿತು ಎಂಬುದು ನಿಮ್ಮ ಪ್ರಶ್ನೆ.

ಕಾಳಗದ ಕಷ್ಟವನ್ನು ಅಳೆಯುವಾಗ ಎದುರಾಳಿ ಎಷ್ಟು ಬಲಶಾಲಿ ಎಂಬುದಕ್ಕಿಂತ, ಒಂದು ಸುತ್ತಿನಲ್ಲಿ ಎದುರಾಳಿಗಳಿಗೆ ಎಷ್ಟು ಸರದಿ ಸಿಗುತ್ತದೆ ಎಂಬುದನ್ನು ಮೊದಲು ಎಣಿಸಬೇಕು. ನಿಮ್ಮ ಎರಡು ಕಾಳಗಗಳು ಇದಕ್ಕೆ ಬಹಳ ಒಳ್ಳೆಯ ಉದಾಹರಣೆಗಳಾದ್ದರಿಂದ ಅವನ್ನೇ ಬಿಡಿಸಿ ನೋಡುತ್ತೇನೆ. ಓಗರ್‌ಗೆ 59 ಹಿಟ್ ಪಾಯಿಂಟ್ (ಸೊನ್ನೆಗಿಳಿದರೆ ಬೀಳುವ ಪ್ರಾಣಬಲದ ಅಂಕ). ಗಾಬ್ಲಿನ್‌ಗೆ ತಲಾ ಏಳರಂತೆ ಎಂಟಕ್ಕೆ 56. ಎಕ್ಸ್‌ಪಿ (ಸೋಲಿಸಿದರೆ ಸಿಗುವ ಅನುಭವಾಂಕ) ಲೆಕ್ಕದಲ್ಲಿ ಓಗರ್ 450, ಎಂಟು ಗಾಬ್ಲಿನ್‌ಗಳು ಸೇರಿ 400. ಹೀಗೆ ಕಾಗದದ ಮೇಲೆ ಎರಡೂ ಹೆಚ್ಚುಕಡಿಮೆ ಸಮ. ಆದರೆ ಆರ್ಮರ್ ಕ್ಲಾಸ್ (ಹೊಡೆತ ತಗಲಲು ದಾಳ ಮುಟ್ಟಬೇಕಾದ ಅಂಕ) 16 ಇರುವ ಪಾತ್ರವೊಂದರ ಮೇಲೆ ಓಗರ್ ಗದೆ ಬೀಸಿದರೆ ಅದು ತಗಲುವ ಸಾಧ್ಯತೆ ನೂರಕ್ಕೆ 55. ತಗಲಿದರೆ ಸರಾಸರಿ 13 ಹಿಟ್ ಪಾಯಿಂಟ್ ಕಳೆಯುವ ಪೆಟ್ಟು. ಅಂದರೆ ಪ್ರತಿ ಸುತ್ತಿನಲ್ಲಿ ಸುಮಾರು ಏಳು. ಗಾಬ್ಲಿನ್ ಒಂದರ ಹೊಡೆತ ತಗಲುವ ಸಾಧ್ಯತೆ ನೂರಕ್ಕೆ 45, ಪೆಟ್ಟು ಐದೂವರೆ. ಎಂಟೂ ಸೇರಿದರೆ ಸುತ್ತಿಗೆ ಸುಮಾರು ಇಪ್ಪತ್ತು. ಕಾನ್‌ಸ್ಟಿಟ್ಯೂಷನ್ (ದೇಹದಾರ್ಢ್ಯ) 14 ಇರುವ ಮೂರನೇ ಲೆವೆಲ್ಲಿನ ಮಂತ್ರವಾದಿ ವಿಜರ್ಡ್‌ಗೆ ಇರುವುದೇ ಇಪ್ಪತ್ತು ಹಿಟ್ ಪಾಯಿಂಟ್. ಎಂಟೂ ಬಾಣಗಳು ಅವನತ್ತಲೇ ತಿರುಗಿದರೆ ಅವನಿಗೆ ಎರಡನೇ ಸರದಿ ಸಿಗುವುದೇ ಕಷ್ಟ.

ತಂಡದ ಕಡೆಯಿಂದ ನೋಡಿದರೂ ಇದೇ ಕಥೆ. ಇಪ್ಪತ್ತು ಮುಖದ ದಾಳಕ್ಕೆ ಐದು ಕೂಡಿಸಿ ಹೊಡೆಯುವವರಿಗೆ ಓಗರ್‌ನ ಆರ್ಮರ್ ಕ್ಲಾಸ್ 11ನ್ನು ಮುಟ್ಟಲು ಆರು ಬಿದ್ದರೆ ಸಾಕು. ಗಾಬ್ಲಿನ್‌ನ 15ನ್ನು ಮುಟ್ಟಲು ಹತ್ತು ಬೀಳಬೇಕು. ನಾಲ್ವರ ಹೊಡೆತವೂ ತಗಲಿದಾಗ ತಲಾ ಸರಾಸರಿ ಒಂಬತ್ತು ಹಿಟ್ ಪಾಯಿಂಟ್ ಕಳೆಯುತ್ತದೆಂದುಕೊಳ್ಳಿ. ಓಗರ್ ಮೇಲೆ ನಾಲ್ಕರಲ್ಲಿ ಮೂರು ಹೊಡೆತ ತಗಲಿ, ತಗಲಿದ ಪ್ರತಿ ಪೆಟ್ಟೂ ಪೂರ್ತಿ ಲೆಕ್ಕಕ್ಕೆ ಬಂದು, ಯಾವ ಮಂತ್ರವನ್ನೂ ಬಳಸದೆಯೇ ಸುತ್ತಿಗೆ 27 ಕಳೆಯುತ್ತದೆ. ಏಳು ಹಿಟ್ ಪಾಯಿಂಟ್‌ನ ಗಾಬ್ಲಿನ್ ಮೇಲೆ ಒಂಬತ್ತರಲ್ಲಿ ಎರಡು ವ್ಯರ್ಥ, ಮೇಲಾಗಿ ಹೊಡೆತ ತಪ್ಪುವುದೂ ಹೆಚ್ಚು. ಸುತ್ತಿಗೆ ಎರಡು ಬಿದ್ದರೆ ಅದೇ ದೊಡ್ಡದು. ಎಂಟು, ಆರು, ನಾಲ್ಕು, ಎರಡು ಎಂದು ಕರಗುವಷ್ಟರಲ್ಲಿ ಅವು ಒಟ್ಟು ಇಪ್ಪತ್ತು ಬಾರಿ ಹೊಡೆದಿರುತ್ತವೆ, ಅಷ್ಟು ಹೊತ್ತಿನಲ್ಲಿ ಓಗರ್ ಹೊಡೆದಿದ್ದು ಎರಡೇ ಬಾರಿ. ಗಾಬ್ಲಿನ್‌ಗಳು ಬೋನಸ್ ಆ್ಯಕ್ಷನ್‌ನಲ್ಲಿ (ಅದೇ ಸರದಿಯ ಹೆಚ್ಚುವರಿ ಚಟುವಟಿಕೆಯಲ್ಲಿ) ಜಾರಿಕೊಳ್ಳಬಲ್ಲವು, ಅಡಗಬಲ್ಲವು ಎಂಬುದನ್ನು ನಾನಿಲ್ಲಿ ಲೆಕ್ಕಕ್ಕೇ ಹಿಡಿದಿಲ್ಲ.

ಪುಸ್ತಕ ಇದನ್ನು ಮರೆತಿಲ್ಲ. ಆಟ ನಡೆಸುವವರಿಗಾಗಿ ಇರುವ 2014ರ ಡಂಜನ್ ಮಾಸ್ಟರ್ ಕೈಪಿಡಿಯಲ್ಲಿ ಎಕ್ಸ್‌ಪಿ ಕೂಡಿಸಿದ ಮೇಲೆ ಎದುರಾಳಿಗಳ ಸಂಖ್ಯೆಗೆ ತಕ್ಕಂತೆ ಗುಣಿಸುವ ಹಂತವೊಂದಿದೆ: ಇಬ್ಬರಿದ್ದರೆ ಒಂದೂವರೆ, ಮೂರರಿಂದ ಆರಕ್ಕೆ ಎರಡು, ಏಳರಿಂದ ಹತ್ತಕ್ಕೆ ಎರಡೂವರೆ, ಹೀಗೆ. ಈ ಹಂತವನ್ನು ಅನೇಕರು ದಾಟಿಬಿಡುತ್ತಾರೆ. ಬಹುಶಃ ನಿಮ್ಮಲ್ಲಿಯೂ ಹಾಗೆಯೇ ಆಗಿದೆ. ನಿಮ್ಮ ತಂಡಕ್ಕೆ ಸುಲಭದ ಮಟ್ಟ 300, ಮಧ್ಯಮ 600, ಕಠಿಣ 900, ಮಾರಕ 1600. ಓಗರ್ 450ಕ್ಕೇ ನಿಂತು ಸುಲಭವಾಯಿತು, ಗಾಬ್ಲಿನ್‌ಗಳ 400 ಸಾವಿರವಾಗಿ ಕಠಿಣವಾಯಿತು. 2024ರ ಕೈಪಿಡಿಯಲ್ಲಿ ಈ ಗುಣಾಕಾರವನ್ನು ತೆಗೆದುಹಾಕಿದ್ದಾರೆ. ಲೆಕ್ಕ ಹಗುರವಾಯಿತೆಂಬುದು ನಿಜ, ಆದರೂ ಕೆಳ ಲೆವೆಲ್‌ಗಳಲ್ಲಿ ತಲೆ ಎಣಿಸುವ ಅಭ್ಯಾಸವನ್ನು ಬಿಡಬೇಡಿ ಎಂದೇ ನಾನು ಹೇಳುತ್ತೇನೆ.

ಇನ್ನೊಂದು ಕಾರಣವನ್ನು ನಾನು ಬಹಳ ತಡವಾಗಿ ಕಂಡುಕೊಂಡೆ. 2014ರ ಲೆಕ್ಕ ನಿಂತಿರುವುದೇ, ಎರಡು ದೀರ್ಘ ವಿಶ್ರಾಂತಿಗಳ ನಡುವೆ ತಂಡವು ಮಧ್ಯಮ ಅಥವಾ ಕಠಿಣ ಮಟ್ಟದ ಆರರಿಂದ ಎಂಟು ಕಾಳಗಗಳನ್ನು ಎದುರಿಸುತ್ತದೆ ಎಂಬ ಊಹೆಯ ಮೇಲೆ. ನಮ್ಮ ಮನೆಯಲ್ಲಿ ಭಾನುವಾರ ಸಂಜೆ ಮೂರು ಗಂಟೆ ಆಡಿದರೆ ಒಂದು ಕಾಳಗ, ಹೆಚ್ಚೆಂದರೆ ಎರಡು. ಪ್ರತಿ ವಾರದ ಕೊನೆಗೆ ಪಾತ್ರಗಳು ಛತ್ರ ಸೇರಿ ಮಲಗಿ, ಮುಂದಿನ ವಾರ ಮಂತ್ರ ಪ್ರಯೋಗದ ಅವಕಾಶಗಳಾದ ಎಲ್ಲ ಸ್ಪೆಲ್ ಸ್ಲಾಟ್‌ಗಳೊಡನೆ ಬಂದರೆ, ಮಾರಕ ಎಂದು ಬರೆದಿಟ್ಟ ಕಾಳಗವೂ ಸಪ್ಪೆಯಾಗುತ್ತದೆ. ಅದಕ್ಕಾಗಿ ನಾನು ಆಟದ ದಿನಕ್ಕೂ ಕಥೆಯ ದಿನಕ್ಕೂ ಇದ್ದ ನಂಟನ್ನು ಬಿಡಿಸಿದೆ: ಒಂದು ಕಥಾದಿನ ಮೂರು ಭಾನುವಾರ ನಡೆಯಬಹುದು, ಖರ್ಚಾದ ಸ್ಲಾಟ್‌ಗಳನ್ನು ಪಾತ್ರದ ಹಾಳೆಯಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿ ಎತ್ತಿಡಬೇಕು.

ಕಾಳಗದ ನಡುವೆ ಲೆಕ್ಕ ತಪ್ಪಿದೆಯೆಂದು ಗೊತ್ತಾದಾಗ ಆಟಗಾರರಿಗೆ ಕಾಣದಂತೆ ಪರದೆಯ ಹಿಂದೆ ಶತ್ರುವಿನ ಹಿಟ್ ಪಾಯಿಂಟ್ ಏರಿಸುವುದನ್ನು ಕೆಲವರು ಸಮ್ಮತಿಸುತ್ತಾರೆ, ನಾನು ಸಮ್ಮತಿಸುವುದಿಲ್ಲ. ಒಮ್ಮೆ ಹಾಗೆ ಮಾಡಿದೆ. ಎರಡು ವಾರದಿಂದ ಕಾದಿಟ್ಟ ಮಂತ್ರವನ್ನು ಪ್ರಯೋಗಿಸಿ, ಶತ್ರು ಬಿದ್ದೇ ಬೀಳುತ್ತಾನೆಂದು ನನ್ನ ಮುಖ ನೋಡಿದ ಹುಡುಗಿಗೆ ‘ಇನ್ನೂ ನಿಂತಿದ್ದಾನೆ’ ಎಂದಾಗ ಅವಳ ಕೈಯಲ್ಲಿದ್ದ ದಾಳ ಮೆಲ್ಲಗೆ ಮೇಜಿಗಿಳಿದದ್ದು ನನಗೆ ಇಂದಿಗೂ ನೆನಪಿದೆ. ಅವಳು ದುಡಿದು ಗಳಿಸಿದ ಗೆಲುವನ್ನು ನಾನು ಕಿತ್ತುಕೊಂಡಿದ್ದೆ. ಈಗ ಏರಿಳಿತ ಮಾಡುವ ದಾರಿಗಳನ್ನು ಆಟಕ್ಕೆ ಮುಂಚೆಯೇ ಬರೆದಿಟ್ಟುಕೊಳ್ಳುತ್ತೇನೆ: ಕೊಂಬು ಊದಿದರೆ ಮೂರನೇ ಸುತ್ತಿನಲ್ಲಿ ಯಾರು ಬರುತ್ತಾರೆ, ಎಷ್ಟು ಜನ ಬಿದ್ದ ಮೇಲೆ ಉಳಿದವರು ಓಡುತ್ತಾರೆ, ತಂಡ ಸೋತರೆ ಶತ್ರುಗಳಿಗೆ ಬೇಕಿರುವುದು ಪ್ರಾಣವೋ, ಸರಕೋ, ಸೆರೆಯಾಳುಗಳೋ. ಅರ್ಧ ಜನ ಬಿದ್ದ ಮೇಲೂ ಗಾಬ್ಲಿನ್‌ಗಳು ಕೊನೆಯವರೆಗೆ ಹೋರಾಡಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ.

ನಿಮ್ಮ ಓಗರ್‌ಗೆ ಇನ್ನೊಂದು ಅವಕಾಶ ಕೊಡುವುದಾದರೆ, ಅವನ ಜೊತೆಗೆ ನಾಲ್ಕು ಗಾಬ್ಲಿನ್‌ಗಳನ್ನು ಇಡಿ. 650 ಎಕ್ಸ್‌ಪಿ, ಐವರೆಂದು ಎರಡರಿಂದ ಗುಣಿಸಿದರೆ 1300. ಕಠಿಣ, ಆದರೆ ಮಾರಕವಲ್ಲ. ಇಬ್ಬರು ಬಿಲ್ಲು ಹಿಡಿದು ಗುಹೆಯ ಮೇಲಿನ ಚಾಚುಬಂಡೆಯಲ್ಲಿರಲಿ, ಇಬ್ಬರು ಓಗರ್‌ನ ಅಕ್ಕಪಕ್ಕದಲ್ಲಿರಲಿ. ಆಗ ಫೈಟರ್ ಓಗರ್‌ನನ್ನು ತಡೆಯಬೇಕೋ, ವಿಜರ್ಡ್‌ಗೆ ಗುರಿಯಿಟ್ಟ ಬಿಲ್ಲುಗಾರರನ್ನು ಹತ್ತಿ ಹಿಡಿಯಬೇಕೋ ಎಂದು ತಂಡ ಮೊದಲ ಸುತ್ತಿನಲ್ಲೇ ತೀರ್ಮಾನಿಸಬೇಕಾಗುತ್ತದೆ. ಆಟ ಮುಗಿದ ಮೇಲೆ ಎಷ್ಟು ಸುತ್ತು ನಡೆಯಿತು, ಎಷ್ಟು ಸ್ಲಾಟ್ ಉಳಿಯಿತು, ಯಾರು ಸೊನ್ನೆಗಿಳಿದರು ಎಂದು ಮೂರು ಸಾಲು ಬರೆದಿಟ್ಟುಕೊಳ್ಳಿ. ಅಂಥ ಐದಾರು ಕಾಳಗಗಳ ಟಿಪ್ಪಣಿ ಕೈಯಲ್ಲಿದ್ದರೆ, ನಿಮ್ಮ ಈ ನಾಲ್ವರ ವಿಷಯದಲ್ಲಿ ಅದು ಯಾವ ಪಟ್ಟಿಗಿಂತಲೂ ಹೆಚ್ಚು ನಿಖರವಾಗಿರುತ್ತದೆ.