ಮೊಮ್ಮಗನಿಗೆ ಮುಂದಿನ ಸೀಟೇ ಬೇಕಂತೆ

ಪ್ರಶ್ನೆ: ಮಗನ ಕಾರಿನಲ್ಲಿ ಬಾಗಲಕೋಟೆಗೆ ಹೋಗುವಾಗ ಮೂರು ವರ್ಷದ ಮೊಮ್ಮಗನನ್ನು ಮುಂದೆ ತೊಡೆ ಮೇಲೆ ಕೂರಿಸಿಕೊಂಡು, ಇಬ್ಬರಿಗೂ ಸೇರಿಸಿ ಒಂದೇ ಬೆಲ್ಟ್ ಹಾಕುತ್ತೇನೆ. ಏರ್‌ಬ್ಯಾಗ್ ಇದೆ, ಸಾಕಲ್ವಾ?
– ಒಬ್ಬ ಅಜ್ಜಿ, ವಿಜಯಪುರ

ಉತ್ತರ: ಸಾಲದು ಅಕ್ಕಾರೇ. ಗಾಡಿ ಗುದ್ದಿದರೆ ನಿಮ್ಮ ಮೈಭಾರವೆಲ್ಲ ಮಗುವಿನ ಮೇಲೆ ಬಿದ್ದು, ಅದು ಬೆಲ್ಟಿಗೆ ಸಿಕ್ಕಿ ಅಮುಕಿಹೋಗುತ್ತದೆ. ಏರ್‌ಬ್ಯಾಗ್ ದಿಂಬಿನ ಹಾಗೆ ಮೆಲ್ಲಗೆ ಉಬ್ಬುವುದಿಲ್ಲ. ರೆಪ್ಪೆ ಬಡಿಯುವುದರೊಳಗೆ ಸಿಡಿದು ಬರುತ್ತದೆ. ಬೆಲ್ಟ್ ಹಾಕಿ ಹಿಂದಕ್ಕೆ ಒರಗಿ ಕೂತ ದೊಡ್ಡವರಿಗೆಂದು ಮಾಡಿದ್ದು ಅದು.

ನಾನು ಮೂವತ್ತು ವರ್ಷ ಟ್ಯಾಕ್ಸಿ ಓಡಿಸಿದವನು. ಒಮ್ಮೆ ಕೊಲ್ಹಾರದಲ್ಲಿ ಗಡಿಗೆ ಮೊಸರು ಕೊಂಡು ಹಿಂದಿನ ಸೀಟಿನಲ್ಲಿಟ್ಟೆ. ಸೇತುವೆ ದಾಟುತ್ತಿದ್ದಂತೆ ಮುಂದಿದ್ದ ಕಬ್ಬಿನ ಟ್ರ್ಯಾಕ್ಟರ್ ಗಕ್ಕನೆ ನಿಂತಿತು. ಬ್ರೇಕ್ ಒತ್ತಿದೆ. ಗುದ್ದಲಿಲ್ಲ, ಆದರೆ ಗಡಿಗೆ ನನ್ನ ಕಿವಿ ಪಕ್ಕದಿಂದ ಹಾರಿ ಡ್ಯಾಶ್‌ಬೋರ್ಡಿಗೆ ಬಡಿದು ಚೂರಾಯಿತು. ಗಾಜಿನ ತುಂಬ ಮೊಸರು. ಅಲ್ಲಿ ಮಗು ಇದ್ದಿದ್ದರೆ?

ಮೊಮ್ಮಗನಿಗೆ ಹಿಂದಿನ ಸೀಟಿನಲ್ಲಿ ಮಕ್ಕಳ ಸೀಟ್ ಕಟ್ಟಿಸಿ. ಎರಡು ದಿನ ಅಳ್ತಾನೆ, ಅಳಲಿ. 14 ವರ್ಷದೊಳಗಿನ ಮಕ್ಕಳನ್ನು ಸುಮ್ನೆ ಕೂರಿಸಿದರೆ 1000 ರೂಪಾಯಿ ದಂಡವೂ ಇದೆ. ನೀವು ಅವನ ಪಕ್ಕ ಕೂತು ಬೆಲ್ಟ್ ಹಾಕಿ. ಕೆಳಗಿನ ಪಟ್ಟಿ ಹೊಟ್ಟೆ ಮೇಲಲ್ಲ, ಸೊಂಟದ ಎಲುಬಿನ ಮೇಲೆ ಬರಬೇಕು. ಸೀರೆ ಮಡಿಕೆಯಲ್ಲಿ ಅದು ಮೇಲೆ ಸರಿಯುವುದು ಜಾಸ್ತಿ, ಕೈಯಿಂದ ಎಳೆದು ಕೂರಿಸಿ.

ಹಿಂದಿನ ಬಾಗಿಲು ತೆರೆದು ಅದರ ಅಂಚು ನೋಡಿ. ಅಲ್ಲಿ ಚಿಕ್ಕ ಗುಂಡಿಯಂಥ ಚೈಲ್ಡ್ ಲಾಕ್ ಇರುತ್ತದೆ. ಹಾಕಿದರೆ ಒಳಗಿನಿಂದ ತೆಗೆಯಲು ಬರಲ್ಲ, ಹೊರಗಿನಿಂದ ಬರುತ್ತದೆ. ನಿಮ್ಮ ಬದಿಯದನ್ನು ಹಾಕಬೇಡಿ, ಮಗ ಇಳಿದು ಬರೋವರೆಗೂ ಕೂತಿರಬೇಕಾಗುತ್ತದೆ.