ಕಾರ್ಖಾನೆ ಇಲ್ಲದ ಊರಿಗೆ ಓಝೋನ್ ಎಲ್ಲಿಂದ ಬಂತು?

ಪ್ರಶ್ನೆ: ಮೇಡಂ, ನಮ್ಮದು ಕಾಫಿ ತೋಟ. ಸುತ್ತ ಕಾಡು, ಹತ್ತಿರದಲ್ಲಿ ಒಂದು ಕಾರ್ಖಾನೆಯೂ ಇಲ್ಲ. ಬೇಸಿಗೆಯಲ್ಲಿ ಹಳ್ಳಿಯ ಗಾಳಿಯಲ್ಲೂ ಓಝೋನ್ ಏರುತ್ತದೆ, ಮಳೆಗಾಲದಲ್ಲಿ ಇಳಿಯುತ್ತದೆ ಅಂತ ಓದಿದೆ. ಓಝೋನ್ ನಮ್ಮನ್ನು ಕಾಯುವ ಪದರ ಅಲ್ವಾ?
– ಬೆಳೆಗಾರರೊಬ್ಬರು, ಮೂಡಿಗೆರೆ ತಾಲ್ಲೂಕು

ಉತ್ತರ: ಕಾಯುವ ಓಝೋನ್ ಇರುವುದು 15ರಿಂದ 35 ಕಿ.ಮೀ. ಎತ್ತರದಲ್ಲಿ. ನೀವು ಓದಿದ್ದು ನಾವು ಉಸಿರಾಡುವ ಗಾಳಿಯ ಓಝೋನ್ ಬಗ್ಗೆ. ಅನಿಲ ಒಂದೇ. ಆದರೆ ನೆಲಮಟ್ಟದಲ್ಲಿ ಜಾಸ್ತಿಯಾದರೆ ಶ್ವಾಸಕೋಶಕ್ಕೂ ಬೆಳೆಗೂ ಕೆಟ್ಟದ್ದು.

ಇದು ಯಾವ ಚಿಮಣಿಯಿಂದಲೂ ನೇರವಾಗಿ ಬರುವುದಿಲ್ಲ, ಗಾಳಿಯಲ್ಲೇ ತಯಾರಾಗುತ್ತದೆ. ವಾಹನದ ಹೊಗೆ, ಜನರೇಟರ್, ಬೆಂಕಿ, ಇವುಗಳಿಂದ ನೈಟ್ರೋಜನ್ ಆಕ್ಸೈಡ್‌ಗಳು ಬರುತ್ತವೆ. ಬಿಸಿಲು ನೈಟ್ರೋಜನ್ ಡೈಆಕ್ಸೈಡನ್ನು ಒಡೆಯುತ್ತದೆ. ಬಿಡಿಯಾದ ಆಕ್ಸಿಜನ್ ಪರಮಾಣು ಗಾಳಿಯ ಆಕ್ಸಿಜನ್ ಜೊತೆ ಕೂಡಿ ಓಝೋನ್ ಆಗುತ್ತದೆ. ಉಳಿದ ನೈಟ್ರಿಕ್ ಆಕ್ಸೈಡ್ ಸುಮ್ನಿರುವುದಿಲ್ಲ, ಆ ಓಝೋನನ್ನೇ ತಿಂದು ಮತ್ತೆ ಡೈಆಕ್ಸೈಡ್ ಆಗುತ್ತದೆ. ಅಷ್ಟೇ ಆಗಿದ್ದರೆ ಲೆಕ್ಕ ಚುಕ್ತಾ. ಆದರೆ ಪೆಟ್ರೋಲ್ ಆವಿ, ಸೌದೆ ಹೊಗೆ, ಮರದ ಎಲೆಗಳು ಬಿಡುವ ಐಸೊಪ್ರೀನ್ ನಡುವೆ ಬರುತ್ತವೆ. ಆಗ ಓಝೋನ್ ಖರ್ಚಾಗದೆಯೇ ನೈಟ್ರಿಕ್ ಆಕ್ಸೈಡ್ ಡೈಆಕ್ಸೈಡ್ ಆಗಿಬಿಡುತ್ತದೆ. ಓಝೋನ್ ಕೂಡುತ್ತಾ ಹೋಗುತ್ತದೆ.

ಹಾಸನದ ಬಿ.ಎಂ. ರಸ್ತೆಯಂಥ ಕಡೆ ಹೊಸ ಹೊಗೆ ಸದಾ ಇರುತ್ತದೆ, ಹುಟ್ಟಿದ ಓಝೋನನ್ನು ಅಲ್ಲೇ ತಿನ್ನುತ್ತದೆ. ಅದೇ ಗಾಳಿ ಬಿಸಿಲಲ್ಲಿ ಹಳ್ಳಿ ಕಡೆ ಸರಿದರೆ ತಿನ್ನುವವರು ಕಡಿಮೆ. ಹಾಗಾಗಿ ಪೇಟೆ ರಸ್ತೆಗಿಂತ ತೋಟದಲ್ಲೇ ಓಝೋನ್ ಜಾಸ್ತಿ ಇರಬಹುದು.

ಇನ್ನು ಕಾಲದ ಮಾತು. ಚಳಿಗಾಲಕ್ಕೆ ಗಾಳಿ ಈಶಾನ್ಯದಿಂದ, ಊರು ಪೇಟೆಗಳ ಮೇಲೆ ಹಾದು ಬರುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬಿಸಿಲು ಚುರುಕು, ಮೋಡ ಕಡಿಮೆ, ಜೊತೆಗೆ ಕಾಡ್ಗಿಚ್ಚು. ಜೂನ್‌ನಲ್ಲಿ ಎಲ್ಲವೂ ತಿರುಗುತ್ತದೆ. ಅರಬ್ಬೀ ಸಮುದ್ರದ ಶುದ್ಧ ಗಾಳಿ ಬರುತ್ತದೆ, ಮೋಡ ಬಿಸಿಲನ್ನು ತಡೆಯುತ್ತದೆ. ಮಳೆ ಓಝೋನನ್ನು ತೊಳೆಯುತ್ತದೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಓಝೋನ್ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ. ಅದು ಇಳಿಯುವುದು ಮುಖ್ಯವಾಗಿ ಗಾಳಿ ಬದಲಾಗಿ, ಬಿಸಿಲು ಕಡಿಮೆಯಾಗಿ. ತಿರುಪತಿ ಹತ್ತಿರದ ಹಳ್ಳಿ ಗಾದಂಕಿಯಲ್ಲಿ 1990ರ ದಶಕದಲ್ಲೇ ಅಳೆದಿದ್ದಾರೆ. ಅಲ್ಲೂ ಬೇಸಿಗೆ ಹೊತ್ತಿಗೆ ಹೆಚ್ಚು, ಮುಂಗಾರಿನಲ್ಲಿ ಕಡಿಮೆ.

ಐಸೊಪ್ರೀನ್ ಹೆಸರು ಹೇಳಿ ಮರ ಕಡಿಸಲು ಬರುವವರ ಮಾತು ಕೇಳಬೇಡಿ. ನೈಟ್ರೋಜನ್ ಆಕ್ಸೈಡ್ ಇಲ್ಲದೆ ಮರ ಓಝೋನ್ ಕೂಡಿಸಲಾರದು. ಎಲೆಗಳು ಓಝೋನನ್ನು ಹೀರಿಕೊಳ್ಳುತ್ತವೆ ಕೂಡ. ನಿಮ್ಮ ಕೈಯಲ್ಲಿರುವುದು ಬೆಂಕಿ. ಮಾರ್ಚ್‌ನಲ್ಲಿ ತರಗೆಲೆ ಗುಡ್ಡೆ ಹಾಕಿ ಸುಡಬೇಡಿ, ದಯವಿಟ್ಟು. ಕಾಫಿ ಗಿಡದ ಬುಡಕ್ಕೆ ಹಾಕಿ, ತೇವವೂ ಉಳಿಯುತ್ತದೆ.

ಪ್ರಶ್ನೆ: ಮಗನಿಗೆ ಉಬ್ಬಸ. ಬೇಸಿಗೆ ರಜೆಯಲ್ಲಿ ಮಾಸ್ಕ್ ಹಾಕಿಸಿದರೆ ಸಾಕಾ?
– ತಾಯಿ, ಬೇಲೂರು

ಉತ್ತರ: ಸಾಲದಮ್ಮಾ. ಓಝೋನ್ ಅನಿಲ, ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ. ಅದು ಹೆಚ್ಚಿರುವುದು ಸಾಮಾನ್ಯವಾಗಿ ಮಧ್ಯಾಹ್ನ ಒಂದರಿಂದ ನಾಲ್ಕರ ಹೊತ್ತಿಗೆ. ಕ್ರಿಕೆಟ್ ಬೆಳಿಗ್ಗೆ ಆಡಲಿ. ಡಾಕ್ಟರ್ ಕೊಟ್ಟ ಇನ್‌ಹೇಲರ್ ತಪ್ಪಿಸಬೇಡಿ. ನಮ್ಮ ದೇಶದ ಮಿತಿ ಎಂಟು ಗಂಟೆಯ ಸರಾಸರಿಗೆ ಘನ ಮೀಟರಿಗೆ 100 ಮೈಕ್ರೋಗ್ರಾಂ. ಉಬ್ಬಸ ಇರುವ ಮಕ್ಕಳಿಗೆ ಅದಕ್ಕಿಂತ ಕಡಿಮೆ ಇದ್ದಾಗಲೂ ತೊಂದರೆ ಆಗಬಹುದು.

ಪ್ರಶ್ನೆ: ಮಾರ್ಚ್‌ನಲ್ಲಿ ಬೀನ್ಸ್ ಎಲೆ ಮೇಲೆ ಕಂದು ಚುಕ್ಕಿ. ಓಝೋನ್ ಇರಬಹುದಾ?
– ರೈತರು, ಅರಕಲಗೂಡು

ಉತ್ತರ: ಇರಬಹುದು, ಬೀನ್ಸ್ ಓಝೋನ್‌ಗೆ ಬೇಗ ಸೋಲುವ ಬೆಳೆ. ಮೊದಲು ಎಲೆ ಮಗುಚಿ ಲೆನ್ಸ್ ಹಿಡಿದು ನೋಡಿ. ಸಣ್ಣ ಬಲೆ, ಓಡಾಡುವ ಚುಕ್ಕಿ ಕಂಡರೆ ಅದು ನುಸಿ. ಓಝೋನ್ ಆದರೆ ಹಳೆ ಎಲೆಗಳಲ್ಲಿ, ಮೇಲ್ಭಾಗದಲ್ಲಿ, ನರಗಳ ನಡುವೆ ಮಾತ್ರ ಚುಕ್ಕಿ. ನರ ಹಸಿರಾಗೇ ಇರುತ್ತದೆ. ನಿಮ್ಮ ಕಡೆ ಬೆಳೆಯುವ ಹೊಗೆಸೊಪ್ಪಿನಲ್ಲೂ ಇಂಥದೇ ಕಲೆ ಬೀಳುತ್ತದೆ. ಅದಕ್ಕೆ ಓಝೋನ್ ಕಾರಣ ಅಂತ ಅಮೆರಿಕದಲ್ಲಿ 1950ರ ದಶಕದಲ್ಲೇ ಪತ್ತೆಯಾಗಿತ್ತು. ಔಷಧಿ ಹೊಡೆಯುವ ಮುಂಚೆ ಎಲೆಯನ್ನು ಕಂದಲಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ.

ಪ್ರಶ್ನೆ: ಕಾಲೇಜಿನಲ್ಲಿ ಓಝೋನ್ ಅಳೆಯಬಹುದಾ ಮೇಡಂ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಹಾಸನ

ಉತ್ತರ: ಖಂಡಿತ. ನನ್ನ ವಿದ್ಯಾರ್ಥಿಗಳ ಕೈಲಿ ಮಾಡಿಸುತ್ತಿದ್ದೆ. 100 ಮಿ.ಲೀ. ಡಿಸ್ಟಿಲ್ಡ್ ವಾಟರ್‌ಗೆ 5 ಗ್ರಾಂ ಕಾರ್ನ್‌ಫ್ಲೋರ್ ಹಾಕಿ, ಗಂಜಿಯಾಗುವ ತನಕ ಕಲಕುತ್ತಾ ಕಾಯಿಸು. ಇಳಿಸಿ 1 ಗ್ರಾಂ ಪೊಟ್ಯಾಸಿಯಂ ಅಯೋಡೈಡ್ ಬೆರೆಸು. ತಣ್ಣಗಾದ ಮೇಲೆ ಫಿಲ್ಟರ್ ಪೇಪರಿಗೆ ಸವರಿ ಕತ್ತಲಲ್ಲಿ ಒಣಗಿಸು. ಅಳೆಯುವ ದಿನ ಒಂದು ಹನಿ ನೀರಲ್ಲಿ ತೋಯಿಸಿ, ನೆರಳಲ್ಲಿ ಎಂಟು ಗಂಟೆ ತೂಗುಹಾಕು. ಓಝೋನ್ ಅಯೋಡಿನ್ ಬಿಡಿಸುತ್ತದೆ, ಪಿಷ್ಟ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಓಝೋನ್ ಕಂಡುಹಿಡಿದ ಶೋನ್‌ಬೈನ್ ಅವರದೇ ಉಪಾಯ ಇದು.

ಒಂದು ಎಚ್ಚರ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅಷ್ಟೇ ಓಝೋನ್‌ಗೂ ಬಣ್ಣ ಗಾಢವಾಗುತ್ತದೆ. ಮಾರ್ಚ್ ಕಾಗದವನ್ನೂ ಜುಲೈ ಕಾಗದವನ್ನೂ ಸುಮ್ನೆ ಪಕ್ಕಪಕ್ಕ ಇಟ್ಟು ನೋಡಿದರೆ ಮೋಸಹೋಗುತ್ತೀಯ. ಪ್ರತಿ ಕಾಗದದ ಹಿಂದೆ ಆ ದಿನದ ತೇವಾಂಶ ಬರೆದಿಡು.