ಆಲಿಪುರದ ಮಾಫಿ ಸಾಕ್ಷಿ ಮತ್ತು ನಡೆಯದ ಪಾಟೀಸವಾಲು

ಪ್ರಶ್ನೆ: ಆಲಿಪುರ ಬಾಂಬ್ ಮೊಕದ್ದಮೆಯಲ್ಲಿ ಅರವಿಂದ ಘೋಷರ ವಿರುದ್ಧ ಹೇಳಿಕೆ ಕೊಟ್ಟಿದ್ದವನನ್ನು ಸೆರೆಮನೆಯಲ್ಲೇ ಕೊಂದರಂತೆ. ಅವನು ಸತ್ತರೂ ಹೇಳಿಕೆ ದಾಖಲೆಯಲ್ಲಿ ಇದ್ದೇ ಇತ್ತಲ್ಲ, ಅದನ್ನೇಕೆ ಬಳಸಲಿಲ್ಲ? ಆ ಕಾಲದಲ್ಲಿ ಸಾಕ್ಷಿಗಳಿಂದ ಭಗವದ್ಗೀತೆ ಮುಟ್ಟಿಸಿ ಪ್ರಮಾಣ ಮಾಡಿಸುತ್ತಿದ್ದುದು ನಿಜವೇ?
– ಓದುಗರೊಬ್ಬರು, ತಿಪಟೂರು

ಉತ್ತರ: ಬ್ರಿಟಿಷ್ ಸರ್ಕಾರದ ವಿರುದ್ಧ ಸಂಚು ನಡೆಸಿದ ಆರೋಪದ ಆ ಮೊಕದ್ದಮೆಯ ಸಾಕ್ಷಿ ನರೇಂದ್ರನಾಥ ಗೋಸ್ವಾಮಿ. ತಾನೂ ಆರೋಪಿಯಾಗಿದ್ದ ಈತ ಕ್ಷಮೆಯ ಭರವಸೆ ಪಡೆದು ಮಾಫಿ ಸಾಕ್ಷಿಯಾಗಿ, ಮ್ಯಾಜಿಸ್ಟ್ರೇಟರ ಮುಂದೆ ಅರವಿಂದರೂ ಸೇರಿದಂತೆ ಹಲವರ ಹೆಸರು ಹೇಳಿದ. ತಾವೂ ಮಾಫಿ ಸಾಕ್ಷಿಗಳಾಗಲು ಸಿದ್ಧರೆಂದು ನಂಬಿಸಿ ಅವನನ್ನು ಸೆರೆಮನೆಯ ಆಸ್ಪತ್ರೆಗೆ ಬರಮಾಡಿಕೊಂಡ ಕನಾಯಿಲಾಲ್ ದತ್ತ ಮತ್ತು ಸತ್ಯೇಂದ್ರನಾಥ ಬೋಸ್, ಕಳ್ಳತನದಿಂದ ಒಳಗೆ ತರಿಸಿಕೊಂಡಿದ್ದ ರಿವಾಲ್ವರ್‌ಗಳಿಂದ 1908ರ ಆಗಸ್ಟ್ 31ರಂದು ಗುಂಡಿಕ್ಕಿ ಕೊಂದರು. ಅದೇ ನವೆಂಬರ್‌ನಲ್ಲಿ ಇಬ್ಬರಿಗೂ ಗಲ್ಲಾಯಿತು.

ಸಾಕ್ಷಿ ಸತ್ತ ಮಾತ್ರಕ್ಕೆ ಅವನ ಹೇಳಿಕೆ ಬಿದ್ದುಹೋಗುವುದಿಲ್ಲ. 1872ರ ಸಾಕ್ಷ್ಯ ಅಧಿನಿಯಮದ 33ನೇ ಕಲಮಿನ ಪ್ರಕಾರ ಮೃತ ಸಾಕ್ಷಿಯ ಹಿಂದಿನ ಹೇಳಿಕೆಯನ್ನು ಮುಂದಿನ ವಿಚಾರಣೆಯಲ್ಲಿ ಬಳಸಬಹುದಿತ್ತು. ಆದರೆ ಎದುರು ಪಕ್ಷಕ್ಕೆ ಪಾಟೀಸವಾಲು ಮಾಡುವ ಹಕ್ಕೂ ಅವಕಾಶವೂ ಮೊದಲೇ ಸಿಕ್ಕಿರಬೇಕಿತ್ತು. ಗೋಸ್ವಾಮಿಗೆ ಆರೋಪಿಗಳ ಪರ ವಕೀಲರ ಪಾಟೀಸವಾಲು ನಡೆದೇ ಇರಲಿಲ್ಲ. ಹೀಗಾಗಿ ಸೆಷನ್ಸ್ ನ್ಯಾಯಾಧೀಶ ಬೀಚ್‌ಕ್ರಾಫ್ಟರ ಮುಂದೆ ಆ ಹೇಳಿಕೆ ಸಾಕ್ಷ್ಯವಾಗಲಿಲ್ಲ, ಸರ್ಕಾರದ ಪರ ವಾದಿಸಿದ ಎರ್ಡ್ಲಿ ನಾರ್ಟನ್ ಪತ್ರಗಳು, ಟಿಪ್ಪಣಿಗಳು ಮತ್ತು ಇನ್ನೂರಕ್ಕೂ ಹೆಚ್ಚು ಸಾಕ್ಷಿಗಳನ್ನೇ ನೆಚ್ಚಿಕೊಳ್ಳಬೇಕಾಯಿತು. ಅರವಿಂದರ ವಕೀಲರು ಚಿತ್ತರಂಜನ ದಾಸರು. 1909ರ ಮೇ 6ರ ತೀರ್ಪಿನಲ್ಲಿ ಅರವಿಂದರು ಬಿಡುಗಡೆಯಾದರು. ಮ್ಯಾಜಿಸ್ಟ್ರೇಟರ ಮುಂದೆ ತಾವೇ ತಪ್ಪೊಪ್ಪಿಕೊಂಡಿದ್ದ ಅವರ ತಮ್ಮ ಬಾರೀಂದ್ರರಿಗೆ ಮರಣದಂಡನೆಯಾಗಿ, ಮೇಲ್ಮನವಿಯಲ್ಲಿ ಅದು ಜೀವಾವಧಿ ಗಡೀಪಾರಿಗೆ ಇಳಿಯಿತು.

ಆ ಕೊಲೆಯೇ ಅರವಿಂದರನ್ನು ಉಳಿಸಿತು ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಅದು ಅರ್ಧ ಸತ್ಯವೆಂದೇ ನನ್ನ ಅಭಿಪ್ರಾಯ. ಗೋಸ್ವಾಮಿ ಬದುಕಿದ್ದರೂ, ಸಹ ಅಪರಾಧಿಯ ಮಾತನ್ನು ಬೇರೆ ಪುರಾವೆಯ ಬೆಂಬಲವಿಲ್ಲದೆ ನಂಬತಕ್ಕದ್ದಲ್ಲವೆಂದು ಭಾವಿಸಲು ಅದೇ ಅಧಿನಿಯಮದ 114ನೇ ಕಲಮು ನ್ಯಾಯಾಲಯಕ್ಕೆ ಅವಕಾಶ ಕೊಟ್ಟಿತ್ತು. ಮೇಲಾಗಿ ದಾಸರ ಪಾಟೀಸವಾಲನ್ನು ಅವನು ಎದುರಿಸಬೇಕಿತ್ತು. ಆದರೂ ಅವನಿದ್ದಿದ್ದರೆ ನಾರ್ಟನ್ನರ ಕೈ ಬಲವಾಗುತ್ತಿತ್ತೆಂಬುದರಲ್ಲಿ ಅನುಮಾನವಿಲ್ಲ.

ಇನ್ನು ಗೀತೆಯ ವಿಷಯ. 1873ರ ಪ್ರಮಾಣ ಕಾಯ್ದೆಯಂತೆ ಹಿಂದೂ ಮತ್ತು ಮುಸ್ಲಿಂ ಸಾಕ್ಷಿಗಳು ಯಾವ ಗ್ರಂಥವನ್ನೂ ಮುಟ್ಟಬೇಕಿರಲಿಲ್ಲ, ಸತ್ಯವನ್ನೇ ಹೇಳುವೆನೆಂದು ಗಂಭೀರವಾಗಿ ದೃಢೀಕರಿಸಿದರೆ ಸಾಕಿತ್ತು. ಗಂಗಾಜಲ ಮುಟ್ಟಿಸುವ ಹಳೆಯ ಪದ್ಧತಿಯನ್ನು 1840ರ ಕಾಯ್ದೆಯೇ ಕೈಬಿಟ್ಟಿತ್ತು. ಎದುರಾಳಿ ಇಂಥ ಆಣೆ ಮಾಡಿದರೆ ಅವನ ಮಾತಿಗೆ ತಾನು ಬದ್ಧನೆಂದು ಕಕ್ಷಿದಾರನೇ ಒಪ್ಪಿದ ಪ್ರಸಂಗದಲ್ಲಿ, ಅಥವಾ ಕಕ್ಷಿದಾರನೋ ಸಾಕ್ಷಿಯೋ ತಾನಾಗಿ ಆಣೆಗೆ ಮುಂದಾದಾಗ, ನ್ಯಾಯಕ್ಕೂ ಸಭ್ಯತೆಗೂ ವಿರುದ್ಧವಲ್ಲದ ವಿಶೇಷ ಆಣೆಯನ್ನು ನ್ಯಾಯಾಲಯ ಮಾಡಿಸಬಹುದಾಗಿತ್ತು.